ಹತ್ತು ಲಕ್ಷದ ಒಂಬತ್ತು

ಬಸ್ಸು ಮಣಿಪಾಲದ ಏರು ಹತ್ತುವಾಗ, ತಾನು ಮತ್ತೆ ಕೂಡಿಸಲು ತೊಡಗಿದ್ದೇನೆ ಎಂದು ಪ್ರಭಾವತಿಗೆ ಅರಿವಾಯಿತು. ಒಂಬತ್ತಕ್ಕೆ ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಸೇರಿಸಿದರೆ ಎರಡು ಸಾವಿರದ ಎಂಟು. ಅದಕ್ಕೆ ಸಾವಿರದ ಒಂಬೈನೂರ ತೊಂಬತ್ತೇಳು, ನಾಲ್ಕು ಸಾವಿರದ ಐದು. ಅದಕ್ಕೆ ಸಾವಿರದ ಒಂಬೈನೂರ ತೊಂಬತ್ತೈದು, ಸರಿಯಾಗಿ ಆರು ಸಾವಿರ. ಸೇರಿಸುವ ಬೆಸಸಂಖ್ಯೆ ಪ್ರತಿ ಸಲ ಎರಡೆರಡು ಕಡಿಮೆಯಾಗುತ್ತ ಬರಬೇಕು. ಪ್ರತಿ ಸಲ ಸಿಕ್ಕಿದ ಮೊತ್ತ ಯಾವುದಾದರೂ ಸಂಖ್ಯೆಯ ವರ್ಗವೇ ಎಂದು ನೋಡಬೇಕು. ಇಪ್ಪತ್ತೆಂಟನೆಯ ಸಲಕ್ಕೆ ಐವತ್ತೈದು ಸಾವಿರದ ಇನ್ನೂರ ಇಪ್ಪತ್ತೈದು ಬರುತ್ತದೆ, ಅದು ಇನ್ನೂರ ಮೂವತ್ತೈದರ ವರ್ಗ. ಅದೆಲ್ಲ ಗೊತ್ತಿದ್ದೂ ನಡುವಿನ ಒಂದು ಮೆಟ್ಟಿಲನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ. ಮೂವತ್ತೆರಡು ವರ್ಷಗಳ ಹಿಂದೆ ಕಾಪುವಿನ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೋಟ್ ಪುಸ್ತಕದ ಹಿಂಬದಿಯಲ್ಲಿ ಹೀಗೆಯೇ ಒಂದೊಂದು ಸಾಲು ಇಳಿದು ಹೋಗಿದ್ದಳು. ಅವಳು ಬಿಡಲಿಲ್ಲವಾದರೆ ತಾನು ಹೇಗೆ ಬಿಡುವುದು? ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಕಾರ್ಕಳ ಎನ್ನುವಷ್ಟರಲ್ಲಿ ಹನ್ನೆರಡನೆಯ ಸಾಲು ತಪ್ಪಿಹೋಯಿತು. ಪರ್ಕಳದ ತಿರುವಿನಲ್ಲಿ ಅವಳು ಮತ್ತೆ ಒಂಬತ್ತರಿಂದ ಪ್ರಾರಂಭಿಸಿದಳು.

ಹತ್ತು ಲಕ್ಷದ ಒಂಬತ್ತು. ಒಂದರ ಮುಂದೆ ಐದು ಸೊನ್ನೆ, ಕೊನೆಗೆ ಒಂಬತ್ತು. ಸಾವಿರದ ವರ್ಗಕ್ಕೆ ಮೂರರ ವರ್ಗ ಸೇರಿಸಿದರೆ ಸಿಗುವ ಸಂಖ್ಯೆ. ನಿವೃತ್ತಳಾದ ಮೇಲೆ ಅದನ್ನು ಮರೆತೇಬಿಟ್ಟೆ ಎಂದು ಅವಳು ತಿಳಿದಿದ್ದಳು. ಎರಡು ಭಾನುವಾರಗಳ ಹಿಂದೆ, ಅಣ್ಣ ಮಧ್ವರಾಜನ ಮಗಳು ಸಮೀಕ್ಷಾ ನಿಟ್ಟೆಯ ಹಾಸ್ಟೆಲಿನಿಂದ ಉಡುಪಿಯ ಮನೆಗೆ ಬಂದವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, "ಅತ್ತೆ, ಈ ಸಂಖ್ಯೆ ನೋಡಿ, ಪ್ರೈಮ್ ಇದ್ದ ಹಾಗೆ ಕಾಣುತ್ತದೆ ಅಲ್ವಾ?" ಎಂದು ಪರದೆಯನ್ನು ಇವಳ ಕಡೆ ತಿರುಗಿಸಿದಳು. ಇಂಜಿನಿಯರಿಂಗಿನವರಿಗೆ ಗುಪ್ತಲಿಪಿಯ ಪಾಠದಲ್ಲಿ ದೊಡ್ಡ ಸಂಖ್ಯೆಗಳನ್ನು ಒಡೆಯಲು ಕಲಿಸುತ್ತಾರಂತೆ. ಅವಿಭಾಜ್ಯದಂತೆ ಕಂಡೂ ಅವಿಭಾಜ್ಯವಲ್ಲದ ಸಂಖ್ಯೆಗೆ ಅವರ ಲೆಕ್ಚರರ್ ಕೊಟ್ಟ ಉದಾಹರಣೆ ಇದು. ಸಮೀಕ್ಷಾ ಫೋನಿನಲ್ಲಿ ಹುಡುಕಿ ಅದರ ಜಾತಕವನ್ನೇ ಓದಿದಳು. ಬೆಸಸಂಖ್ಯೆ. ಇನ್ನೂರ ತೊಂಬತ್ತಮೂರು ಮತ್ತು ಮೂರು ಸಾವಿರದ ನಾನೂರ ಹದಿಮೂರು ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧ. ಒಂದನ್ನು ಬಿಟ್ಟರೆ ಬೇರೆ ಯಾವ ವರ್ಗದಿಂದಲೂ ಭಾಗವಾಗುವುದಿಲ್ಲ. ಕೊರತೆಯ ಸಂಖ್ಯೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೂ ಮೂರು ಸಾವಿರದ ಏಳುನೂರ ಏಳು ಮಾತ್ರ. ಕಂಪ್ಯೂಟರಿನ ಒಂದು-ಸೊನ್ನೆಗಳಲ್ಲಿ ಬರೆದರೆ ಅದರಲ್ಲಿ ಒಂಬತ್ತು ಒಂದುಗಳು; ಹೀಗೆ ಒಂದುಗಳು ಬೆಸವಾಗಿ ಬರುವ ಸಂಖ್ಯೆಗೆ ಇಂಗ್ಲಿಷಿನಲ್ಲಿ ಹೇಸಿಗೆ ಎಂಬರ್ಥದ ಹೆಸರುಂಟಂತೆ. "ಪಾಪ, ಅದು ಯಾರಿಗೆ ಎಂತ ಮಾಡಿದೆ?" ಎಂದು ಸಮೀಕ್ಷಾ ನಕ್ಕಳು. ಆಮೇಲೆ ಇನ್ನೊಂದು ವಿಷಯ ಓದಿದಳು. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಯುರೋಪಿನ ಬಹಳ ದೊಡ್ಡ ಗಣಿತಜ್ಞನೊಬ್ಬ ಈ ಸಂಖ್ಯೆಯನ್ನು ಅವಿಭಾಜ್ಯಗಳ ಪಟ್ಟಿಯಲ್ಲಿ ಸೇರಿಸಿದ್ದನಂತೆ. ಮುದುಕನಾಗಿ, ಕಣ್ಣು ಕಾಣದಾದ ಮೇಲೆ, ತನ್ನದು ತಪ್ಪೆಂದು ತಾನೇ ಬರೆದು ತಿದ್ದಿದನಂತೆ.

ತಪ್ಪೆಂದು ತಾನೇ ಬರೆದು. ಆ ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ ಪ್ರಭಾವತಿ ತನ್ನದನ್ನೂ ಹೇಳಬಹುದಿತ್ತು. ಹೇಳದೆ, ಸಮೀಕ್ಷಾಳ ಕೈಯಿಂದ ಪೆನ್ನು ತೆಗೆದುಕೊಂಡು, ಯಂತ್ರವಿಲ್ಲದೆಯೂ ಇದು ಅವಿಭಾಜ್ಯವಲ್ಲ ಎಂದು ತಿಳಿಯಬಹುದು ನೋಡು ಎಂದು ಬೆಸಸಂಖ್ಯೆಗಳ ಸಾಲು ಬರೆಯತೊಡಗಿದಳು. ಸಾವಿರದಿಂದ ಒಂದೊಂದೇ ಕೆಳಗಿಳಿ, ಪ್ರತಿ ವರ್ಗವನ್ನು ಈ ಸಂಖ್ಯೆಯಿಂದ ಕಳೆದಾಗ ಉಳಿಯುವುದನ್ನು ನೋಡು; ಒಂದು ಮೆಟ್ಟಿಲು ಇಳಿದಾಗ ಉಳಿಯುವುದು ಹೆಚ್ಚುವುದು ಆ ಬೆಸಸಂಖ್ಯೆಯಷ್ಟೇ. ಇಪ್ಪತ್ತೆಂಟನೆಯ ಸಾಲಿನಲ್ಲಿ ಒಂಬೈನೂರ ಎಪ್ಪತ್ತೆರಡು ಮತ್ತು ಇನ್ನೂರ ಮೂವತ್ತೈದು. ವರ್ಗಗಳನ್ನು ಕೂಡಿಸಿದರೆ ಈ ಸಂಖ್ಯೆ ಕೊಡುವ ಜೋಡಿಗಳಲ್ಲಿ ಸಾವಿರ ಮತ್ತು ಮೂರು ಒಂದು, ಇದು ಇನ್ನೊಂದು. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯಕ್ಕೆ ಒಂದೇ ಜೋಡಿ ಇರಲು ಸಾಧ್ಯ. ಇದಕ್ಕೆ ಎರಡಿವೆ, ಆದ್ದರಿಂದ ಇದು ಒಡೆಯುತ್ತದೆ. ಸಮೀಕ್ಷಾ ಹಾಳೆಯನ್ನು ಬಹಳ ಹೊತ್ತು ನೋಡಿದಳು. "ಅತ್ತೆ, ಇದು ನೀವೇ ಕಂಡುಹಿಡಿದದ್ದಾ?" ಎಂದು ಕೇಳಿದಳು. ಪ್ರಭಾವತಿ ಹೌದು ಎನ್ನಲಿಲ್ಲ. ಹಾಲು ಉಕ್ಕುತ್ತದೆ ಎಂದು ಎದ್ದು ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ. ಮರುದಿನ ಆ ಹಾಳೆ ಲೆಕ್ಚರರ್ ನಂದನ ಅವರ ಕೈ ಸೇರಿತು. ಅವರೇ ಫೋನ್ ಮಾಡಿ, ಮೇಡಂ, ಗಣಿತ ಸಂಘದ ಮಕ್ಕಳಿಗೆ ನೀವೇ ಬಂದು ಇದನ್ನು ತೋರಿಸಬೇಕು ಎಂದರು. ಬರುತ್ತೇನೆ ಎಂದಳು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಅದೇ ವಾರ ಕಾಪುವಿನಲ್ಲಿರುವ ಜೋಸ್ಲಿನ್ ಟೀಚರಿಗೆ ಫೋನ್ ಮಾಡಿದ್ದಳು. ಇಬ್ಬರೂ ಒಂದೇ ಶಾಲೆಯಲ್ಲಿ ಹದಿನಾಲ್ಕು ವರ್ಷ ಇದ್ದವರು. ಮಂಡಿನೋವು, ಪಿಂಚಣಿ, ಜೋಸ್ಲಿನ್ನರ ಮೊಮ್ಮಗಳು, ಎಲ್ಲ ಮುಗಿದ ಮೇಲೆ ಯಾರದೋ ಸುದ್ದಿ ಎಂಬಂತೆ ಕೇಳಿದಳು: ಆ ಮೋಹಿನಿ ಎಂಬವಳು, ಅಣ್ಣುವಿನ ಮಗಳು, ಈಗ ಎಲ್ಲಿದ್ದಾಳೆ? "ಮೋಹಿನಿಯಾ? ಅವಳು ಕಾರ್ಕಳದ ಕಡೆ ಉಂಟಲ್ಲ. ಪಡುಬಿದ್ರಿ ರಸ್ತೆಯಲ್ಲಿ ಕಲ್ಲಿನ ಲಾರಿ ತೂಗುವ ವೇ ಬ್ರಿಡ್ಜ್ ಉಂಟು ನೋಡಿ, ನಿಟ್ಟೆಗಿಂತ ಸ್ವಲ್ಪ ಈಚೆ, ಅಲ್ಲಿ ಕುಳಿತುಕೊಳ್ಳುತ್ತಾಳೆ. ಯಾಕೆ ಟೀಚರ್?" ಏನಿಲ್ಲ, ಸುಮ್ಮನೆ, ಎಂದಿದ್ದಳು ಪ್ರಭಾವತಿ. ಈಗ ಕಾರ್ಕಳದಲ್ಲಿ ಇಳಿದು ನಿಟ್ಟೆಯ ಬಸ್ಸು ಹತ್ತಿ ಕುಳಿತಾಗ, ಆ ವೇ ಬ್ರಿಡ್ಜ್ ರಸ್ತೆಯ ಎಡಕ್ಕೋ ಬಲಕ್ಕೋ ಎಂದು ಕೇಳದಿದ್ದದ್ದು ನೆನಪಾಗಿ ಸಮಾಧಾನವಾಯಿತು. ಎರಡೂ ಕಡೆ ನೋಡುವುದು ಸಾಧ್ಯವಿಲ್ಲ. ಅವಳು ಎಡಕ್ಕೆ ಕುಳಿತು ಎಡಕ್ಕೇ ನೋಡಿದಳು. ಬಲಗಡೆ ಲಾರಿಯೊಂದು ಗೇರು ಬದಲಿಸುತ್ತ ಯಾವುದೋ ಅಂಗಳಕ್ಕೆ ತಿರುಗುವ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಸಭಾಂಗಣದಲ್ಲಿ ಎಪ್ಪತ್ತು-ಎಂಬತ್ತು ಮಕ್ಕಳು. ಎಲ್ಲರೂ ಎದ್ದು ನಿಂತದ್ದು ಕಂಡು ಅವಳಿಗೆ ಕಾಪುವಿನ ತರಗತಿಯ ಬೆಂಚುಗಳ ಕಿರುಗುಟ್ಟುವಿಕೆ ಕೇಳಿಸಿದಂತಾಯಿತು. ಅಂದೂ ಎಲ್ಲರೂ ಹೀಗೆ ಎದ್ದು ನಿಂತಿದ್ದರು, ಶಾಲಾ ತಪಾಸಣೆಗೆಂದು ಇನ್ಸ್‌ಪೆಕ್ಟರ್ ಒಳಗೆ ಬಂದಾಗ. ಅವಳಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಪಾಠಪುಸ್ತಕದಲ್ಲಿ ಇಲ್ಲದ್ದನ್ನೂ ಕಲಿಸುವ ಟೀಚರ್ ಎಂದು ಅವರಿಗೆ ಕಾಣಿಸಬೇಕಿತ್ತು. ಮೂರು ದಿನ ಮೊದಲೇ ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಅಂದು ಬೋರ್ಡಿನ ಮೇಲೆ ಅದನ್ನೇ ದೊಡ್ಡದಾಗಿ ಬರೆದಳು. 1000009, ಅವಿಭಾಜ್ಯ. ಸಾವಿರದ ವರ್ಗ, ಮೂರರ ವರ್ಗ, ಇದೊಂದೇ ಜೋಡಿ, ಬೇರೆ ಇಲ್ಲ. ಅದು ಅವಿಭಾಜ್ಯ ಎಂದು ತನಗೆ ಹೇಳಿದವರು ಯಾರು? ಪದವಿ ಓದುವಾಗ ಯಾರೋ ಹೇಳಿದ್ದು, ಅಥವಾ ಹಳೆಯ ಪುಸ್ತಕವೊಂದರ ಕೊನೆಯ ಪುಟ. ಪರೀಕ್ಷಿಸಿ ನೋಡಿರಲಿಲ್ಲ. ನೋಡಲು ಅದು ಎಷ್ಟು ಅವಿಭಾಜ್ಯದ ಹಾಗಿತ್ತು. ಆಗ ಮೂರನೆಯ ಬೆಂಚಿನಿಂದ ಮೋಹಿನಿ, ಹಿಂಬದಿಯ ತುಂಬ ಕೂಡಿಸಿದ ಸಾಲುಗಳಿದ್ದ ನೋಟ್ ಪುಸ್ತಕ ಹಿಡಿದು ಎದ್ದಳು. "ಟೀಚರ್, ಇನ್ನೊಂದು ಉಂಟು." ಕರೆಯದೆಯೇ ಬೋರ್ಡಿನ ಹತ್ತಿರ ಬಂದು, ಚಾಕ್‌ಪೀಸ್ ತೆಗೆದುಕೊಂಡು, 972, 235 ಎಂದು ಬರೆದಳು. ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರ್ ಕನ್ನಡಕ ಸರಿಮಾಡಿಕೊಂಡರು.

"ಮೇಡಂ, ನೀರು ಬೇಕಾ?" ಎಂದರು ನಂದನ. ಬೇಡವೆಂದು ತಲೆಯಾಡಿಸಿ ಅವಳು ಪ್ರಾರಂಭಿಸಿದಳು. ಬಿಳಿ ಬೋರ್ಡಿನ ಮೇಲೆ ಸಾಲುಗಳು ಇಳಿದವು. ಮಕ್ಕಳು ತಾವೇ ಮುಂದಿನ ಮೊತ್ತ ಹೇಳತೊಡಗಿದರು. ಹತ್ತು, ಹದಿನೈದು, ಇಪ್ಪತ್ತು ಸಾಲು. ಐವತ್ತೈದು ಸಾವಿರದ ಇನ್ನೂರ ಇಪ್ಪತ್ತೈದು ಬಂದಾಗ ಅವಳು, ಐದರಲ್ಲಿ ಮುಗಿಯುವ ಸಂಖ್ಯೆಯ ವರ್ಗಕ್ಕೆ ಒಂದು ಉಪಾಯವುಂಟು, ಇಪ್ಪತ್ತಮೂರನ್ನು ಇಪ್ಪತ್ತನಾಲ್ಕರಿಂದ ಗುಣಿಸಿ ಪಕ್ಕಕ್ಕೆ ಇಪ್ಪತ್ತೈದು ಬರೆಯಿರಿ ಎಂದಳು. ಐನೂರ ಐವತ್ತೆರಡು, ಪಕ್ಕಕ್ಕೆ ಇಪ್ಪತ್ತೈದು. ಯಾರೋ ಮೆಲ್ಲಗೆ ಉಸಿರು ಬಿಟ್ಟದ್ದು ಕೇಳಿಸಿತು. ಆ ಉಸಿರಿನಲ್ಲಿದ್ದ ಬೆರಗು ನ್ಯಾಯವಾಗಿ ಯಾರಿಗೆ ಸಲ್ಲಬೇಕು ಎಂದು ಪ್ರಭಾವತಿಗೆ ಗೊತ್ತಿತ್ತು. ಈಗ ಹೇಳಬೇಕು. ಹೇಳಲು ಬಾಯಿ ತೆರೆದಳು. "ಇದನ್ನು ಕಂಡುಹಿಡಿದವಳು ನಾನಲ್ಲ. ನನ್ನ ಒಬ್ಬ ವಿದ್ಯಾರ್ಥಿನಿ, ಒಂಬತ್ತನೆಯ ತರಗತಿಯಲ್ಲಿ, ನಾನು ಪಾಠ ಮಾಡುತ್ತಿದ್ದಾಗ." ಚಪ್ಪಾಳೆ ಬಿತ್ತು. ಅವಳು ಒಳಗೆ ಬಂದಾಗ ಬಿದ್ದದ್ದಕ್ಕಿಂತ ಹೆಚ್ಚಿನ ಚಪ್ಪಾಳೆ. ನಂದನ ಎದ್ದು, ಇಂಥ ಶಿಷ್ಯೆಯನ್ನು ಪಡೆಯಲು ಎಂಥ ಗುರು ಇದ್ದಿರಬೇಕು ಎಂದರು. ಶಾಲು ಹೊದಿಸಿದರು. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಬೆಚ್ಚಗಿರುತ್ತದೆ ಎಂದು ಅವಳಿಗೆ ಆ ಶಾಲಿನ ಒಳಗೆ ತಿಳಿಯಿತು. ಬೋರ್ಡಿನ ಮೇಲಿನ ಸಂಖ್ಯೆ ಮಾತ್ರ ಹಾಗೆಯೇ ಇತ್ತು. ಅವಳು ಅವಿಭಾಜ್ಯ ಎಂದಾಗಲೂ ಅದು ಒಡೆಯುತ್ತಿತ್ತು; ಮನುಷ್ಯರು ಹುಟ್ಟುವ ಮೊದಲೂ ಅದರೊಳಗೆ ಎರಡು ಜೋಡಿಗಳು ಇದ್ದವು; ಇನ್ಸ್‌ಪೆಕ್ಟರ್ ಬಂದರೆಂದು ಒಂದನ್ನು ಅದು ಬಚ್ಚಿಟ್ಟಿರಲಿಲ್ಲ.

ಹೊರಗೆ ಬಂದ ಮೇಲೆ ಸಮೀಕ್ಷಾ ಕೈ ಹಿಡಿದುಕೊಂಡಳು. "ಮನೆಯಲ್ಲಿ ಯಾಕೆ ಹೇಳಲಿಲ್ಲ ಅತ್ತೆ? ಆ ಹುಡುಗಿ ಈಗ ಎಲ್ಲಿ? ದೊಡ್ಡ ಪ್ರೊಫೆಸರ್ ಆಗಿರಬೇಕು ಅಲ್ವಾ?"

"ಇಲ್ಲೇ ಇದ್ದಾಳೆ," ಎಂದಳು ಪ್ರಭಾವತಿ. ಯಾಕೆ ಹೇಳಿದೆ ಎಂದು ತನಗೇ ಆಶ್ಚರ್ಯವಾಯಿತು. "ಬರುವ ದಾರಿಯಲ್ಲಿ, ವೇ ಬ್ರಿಡ್ಜಿನಲ್ಲಿ."

"ಹಾಗಾದರೆ ಹೋಗುವ. ರಿಕ್ಷಾದಲ್ಲಿ ಹತ್ತು ನಿಮಿಷ."

ಬೇಡ ಎನ್ನಲು ಅವಳಲ್ಲಿ ಇನ್ನು ಯಾವ ಹಾಲೂ ಉಕ್ಕುತ್ತಿರಲಿಲ್ಲ. ರಿಕ್ಷಾದಲ್ಲಿ ಶಾಲನ್ನು ತೆಗೆದು ಮಡಚಿದಳು, ಮತ್ತೆ ಮಡಚಿದಳು, ಬ್ಯಾಗಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಲಿಲ್ಲ. ಅಂದು ತಾನು ಮಾಡಿದ್ದು ಏನು? ಡಸ್ಟರ್ ತೆಗೆದುಕೊಂಡು 972, 235 ಎಂಬುದನ್ನು ಒರೆಸಿದ್ದು. ಗುಣಿಸಿ ನೋಡದೆಯೇ ಒರೆಸಿದ್ದು. ಎಲ್ಲಿಂದ ಬರೆದುಕೊಂಡು ಬಂದೆ ಎಂದು ಕೇಳಿದ್ದು. ಪಾಠ ಮುಗಿಯುವವರೆಗೆ ಹೊರಗೆ ನಿಲ್ಲಿಸಿದ್ದು. ಇಷ್ಟನ್ನು ಅವಳು ಎಷ್ಟೋ ಸಲ ನೆನೆದಿದ್ದಾಳೆ, ನೆನೆದು ನೊಂದಿದ್ದಾಳೆ. ನೊಂದು ನೊಂದು ಆ ನೋವು ಒಂದು ಪ್ರಾರ್ಥನೆಯಂತೆ ಅಭ್ಯಾಸವಾಗಿತ್ತು. ಆದರೆ ಒರೆಸುವುದಕ್ಕೂ ಹೊರಗೆ ಕಳಿಸುವುದಕ್ಕೂ ನಡುವೆ ಒಂದು ವಾಕ್ಯವಿತ್ತು. ಅದನ್ನು ಮಾತ್ರ ಪ್ರತಿ ಸಲವೂ ಹಾರಿ ದಾಟುತ್ತಿದ್ದಳು. ಆ ದಿನ ಸಂಜೆ ಮನೆಯಲ್ಲಿ ಒಂಬೈನೂರ ಎಪ್ಪತ್ತೆರಡನ್ನು ಅದರಿಂದಲೇ ಗುಣಿಸಿದ್ದಳು. ಒಂಬತ್ತು ಲಕ್ಷದ ನಲವತ್ತನಾಲ್ಕು ಸಾವಿರದ ಏಳುನೂರ ಎಂಬತ್ತನಾಲ್ಕು. ಅದಕ್ಕೆ ಐವತ್ತೈದು ಸಾವಿರದ ಇನ್ನೂರ ಇಪ್ಪತ್ತೈದು ಸೇರಿಸುವಾಗ ಎಡಕ್ಕೆ ಒಂದೊಂದೇ ಸೊನ್ನೆ ಬೀಳುತ್ತ ಹೋದದ್ದು, ಬೆನ್ನ ಮೇಲೆ ಮೆಲ್ಲಗೆ ಯಾರೋ ಬೆರಳಾಡಿಸಿದಂತಾದದ್ದು. ಭಯವಾಗಿತ್ತು, ಭಯದ ಕೆಳಗೆ, ಇಷ್ಟು ಚೆಂದದ ವಸ್ತುವನ್ನು ಜೀವಮಾನದಲ್ಲಿ ಕಂಡಿಲ್ಲ ಎಂದೂ ಅನ್ನಿಸಿತ್ತು. ಮರುದಿನ ತರಗತಿಗೆ ಹೋಗಿ ತ್ರಿಕೋನಗಳ ಪಾಠ ಮಾಡಿದಳು. ಮೋಹಿನಿ ಮೂರನೆಯ ಬೆಂಚಿನಲ್ಲೇ ಇದ್ದಳು. ಮತ್ತೆಂದೂ ಕೈ ಎತ್ತಲಿಲ್ಲ.

ವೇ ಬ್ರಿಡ್ಜ್ ರಸ್ತೆಯ ಬಲಕ್ಕೇ ಇತ್ತು. ಈಗ ಹಿಂದಿರುಗುವಾಗ ಎಡಕ್ಕೆ ಬಂತು. ನೆಲಕ್ಕೆ ಸಮನಾಗಿ ಹಾಸಿದ ಉಕ್ಕಿನ ಹಲಗೆ, ಅದರ ಮೇಲೆ ಶಿಲೆಕಲ್ಲು ಹೊತ್ತು ನಿಂತ ಲಾರಿ, ಪಕ್ಕದಲ್ಲಿ ಕಿಟಕಿಯಿದ್ದ ಸಣ್ಣ ಕೋಣೆ. ಕಿಟಕಿಯ ಮೇಲೆ ಕೆಂಪು ಅಂಕಿಗಳು ಸ್ವಲ್ಪ ಹೊತ್ತು ತಡವರಿಸಿ 32640ರಲ್ಲಿ ನಿಂತವು. ಒಳಗಿದ್ದ ಹೆಂಗಸು ಚೀಟಿ ಹರಿದು ಡ್ರೈವರನ ಕೈಗೆ ಕೊಟ್ಟಳು. ನಲವತ್ತಾರರ ಪ್ರಾಯ, ಕಿವಿಯ ಮೇಲೆ ಒಂದಿಷ್ಟು ನರೆ, ಕನ್ನಡಕ. ಲಾರಿ ಇಳಿದು ಹೋದ ಮೇಲೆ ಇವರಿಬ್ಬರನ್ನು ನೋಡಿದಳು.

"ಪ್ರಭಾವತಿ ಟೀಚರಲ್ವಾ?" ಎಂದಳು. "ಬನ್ನಿ. ಒಂದೇ ಸ್ಟೂಲ್ ಉಂಟು, ನೀವು ಕುಳಿತುಕೊಳ್ಳಿ."

ಪ್ರಭಾವತಿ ಕುಳಿತಳು. ಇವಳು ಅಣ್ಣನ ಮಗಳು ಎಂದಳು, ಇಲ್ಲೇ ನಿಟ್ಟೆಯಲ್ಲಿ ಓದುವುದು ಎಂದಳು. ಸಮೀಕ್ಷಾಳಿಗೆ ತಡೆಯಲಾಗಲಿಲ್ಲ. "ಅತ್ತೆ ಇವತ್ತು ನಮ್ಮ ಕಾಲೇಜಿನಲ್ಲಿ ನಿಮ್ಮ ಲೆಕ್ಕ ತೋರಿಸಿದರು. ಒಂಬೈನೂರ ಎಪ್ಪತ್ತೆರಡು, ಇನ್ನೂರ ಮೂವತ್ತೈದು. ಎಲ್ಲರಿಗೂ ಎಷ್ಟು ಖುಷಿಯಾಯಿತು ಗೊತ್ತುಂಟಾ?"

ಮೋಹಿನಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಹೊರಗೆ ನಿಲ್ಲಿಸಿದ್ದು ಹೇಳಿದರಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲಾರಿಯ ನಂಬರು ಕೇಳುವಂತೆ ಕೇಳಿದಳು.

"ಹೇಳಲಿಲ್ಲ," ಎಂದಳು ಪ್ರಭಾವತಿ. ಸಮೀಕ್ಷಾ ಒಮ್ಮೆ ಅತ್ತೆಯನ್ನು, ಒಮ್ಮೆ ಮೋಹಿನಿಯನ್ನು ನೋಡಿದಳು. ಇನ್ನು ಹಾರಿ ದಾಟಲು ಜಾಗವಿರಲಿಲ್ಲ. "ಇವಳು ಸರಿಯಾಗಿಯೇ ಬರೆದಿದ್ದಳು, ಸಮೀಕ್ಷಾ. ನಾನು ಅದನ್ನು ಒರೆಸಿದೆ. ಒರೆಸಿ, ನಿನ್ನ ಲೆಕ್ಕ ಮೀನು ಮಾರುವಲ್ಲಿ ಹೇಳು, ಇಲ್ಲಿ ಬೇಡ ಅಂತ ಹೇಳಿದೆ. ಇವಳ ತಾಯಿ ಕಾಪುವಿನ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಇಡೀ ತರಗತಿ ನಕ್ಕಿತು. ಇನ್ಸ್‌ಪೆಕ್ಟರ್ ಸಹ ನಕ್ಕರು. ಅವರು ನಕ್ಕದ್ದು ನೋಡಿ ನನಗೆ ಸಮಾಧಾನವಾಯಿತು."

ಸಮೀಕ್ಷಾ ತಾನು ಹಿಡಿದಿದ್ದ ಅತ್ತೆಯ ಬ್ಯಾಗನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿ ನಿಂತಳು. ಆ ಬೆನ್ನನ್ನು ನೋಡಲಾಗದೆ ಪ್ರಭಾವತಿ ಮೇಜನ್ನು ನೋಡಿದಳು. "ಆ ಸಂಜೆಯೇ ನನಗೆ ಗೊತ್ತಾಯಿತು, ಮೋಹಿನಿ. ನಾನೇ ಗುಣಿಸಿ ನೋಡಿದೆ. ತಪ್ಪು ನನ್ನದು. ಮೂವತ್ತೆರಡು ವರ್ಷ ಬೇಕಾಯಿತು ಹೇಳಲಿಕ್ಕೆ."

"ನೀವು ಗುಣಿಸಿ ನೋಡಿರುತ್ತೀರಿ ಅಂತ ನನಗೂ ಗೊತ್ತಿತ್ತು ಟೀಚರ್. ನೋಡದೆ ಇರಲಿಕ್ಕೆ ಆಗುವುದಿಲ್ಲ ಅದನ್ನು." ಮೋಹಿನಿ ಕನ್ನಡಕ ಹಾಕಿಕೊಂಡಳು. "ಆ ಮಾತಿಗೆ ಸಿಟ್ಟು ಇತ್ತು. ಈಗ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ಬೇಸರ ಆದದ್ದು ನಿಮ್ಮ ಮನೆಗೆ ಬಂದ ದಿನ."

ಅದು ಒಂದು ಭಾನುವಾರ, ಒಂದು ತಿಂಗಳು ಕಳೆದ ಮೇಲೆ. ಮೋಹಿನಿಯ ಅಪ್ಪ ಅಣ್ಣು ಮಗಳ ಜೊತೆ ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ಬಂದಿದ್ದ. ಬಿಳಿ ಅಂಗಿ, ಕೈಯಲ್ಲಿ ಎರಡು ಮುಳ್ಳುಸೌತೆ. ಪ್ರಭಾವತಿ ಅವರನ್ನು ಕಿಟಕಿಯಿಂದ ಕಂಡು, ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಇಲ್ಲವೆಂದು ಹೇಳು ಎಂದು ಅಮ್ಮನಿಗೆ ಸನ್ನೆ ಮಾಡಿದ್ದಳು. ಹುಡುಗಿಯ ಅಪ್ಪ ನ್ಯಾಯ ಕೇಳಲು ಬಂದಿದ್ದಾನೆ, ಬೀದಿಯಲ್ಲಿ ನಾಲ್ಕು ಜನರ ಎದುರು ಕೇಳುತ್ತಾನೆ. ಅಣ್ಣು ಸೌತೆಗಳನ್ನು ಜಗಲಿಯ ಮೇಲಿಟ್ಟು ಹೋದ. ಮಧ್ಯಾಹ್ನ ಅಮ್ಮ ಅದರ ಕೋಸಂಬರಿ ಮಾಡಿದಳು. ಅದನ್ನು ತಿಂದದ್ದು, ಅದು ಎಳೆಯದಾಗಿ ರುಚಿಯಾಗಿದ್ದದ್ದು.

"ನಾನು ಒಳಗೇ ಇದ್ದೆ," ಎಂದಳು ಪ್ರಭಾವತಿ.

"ಗೊತ್ತುಂಟು. ನಿಮ್ಮ ಚಪ್ಪಲಿ ಹೊರಗಿತ್ತು. ಅಪ್ಪನಿಗೆ ಗೊತ್ತಾಗಲಿಲ್ಲ. ಪಾಪ, ಬಸ್ಸಿನಲ್ಲಿ ಸಮಾಧಾನ ಹೇಳಿದರು, ಇನ್ನೊಮ್ಮೆ ಬರುವ ಅಂತ."

"ಜಗಳಕ್ಕೆ ಬಂದದ್ದು ಅಂತ ಗ್ರಹಿಸಿದೆ."

"ಅಪ್ಪನಿಗೆ ಜಗಳ ಎಲ್ಲಿ ಗೊತ್ತು ಟೀಚರ್? ಅವರಿಗೆ ಶಾಲೆಯಲ್ಲಿ ಆದದ್ದನ್ನು ನಾನು ಹೇಳಿಯೇ ಇರಲಿಲ್ಲ. ನಾನು ಹಠ ಮಾಡಿ ಕರೆದುಕೊಂಡು ಬಂದದ್ದು. ನಿಮ್ಮ ಹತ್ತಿರ ಒಂದು ಕೇಳಲಿಕ್ಕಿತ್ತು."

"ಎಂತ?"

ಮೋಹಿನಿ ಮೇಜಿನ ಮೇಲಿನ ಚೀಟಿಗಳನ್ನು ಒಟ್ಟು ಮಾಡಿದಳು. "ಮೂರನೆಯ ಜೋಡಿ ಯಾಕೆ ಇಲ್ಲ ಅಂತ."

ಹೊರಗೆ ಇನ್ನೊಂದು ಲಾರಿ ಹಲಗೆಯ ಮೇಲೇರಿತು. ಮೋಹಿನಿ ಅಂಕಿ ನಿಲ್ಲುವವರೆಗೆ ಕಾದು, ಚೀಟಿ ತೆಗೆದು, ಕಿಟಕಿಯಿಂದ ಕೊಟ್ಟು, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದಳು. "ಎರಡನೆಯದು ಸಿಕ್ಕಿತಲ್ಲ, ಮೂರನೆಯದೂ ಇರಬೇಕು ಅಂತ ಕೆಳಗೆ ಇಳಿಯುತ್ತ ಹೋದೆ. ಏಳುನೂರ ಎಂಟರವರೆಗೆ. ಅದರಿಂದ ಕೆಳಗೆ ಹೋದರೆ ಅದೇ ಜೋಡಿಗಳು ತಿರುಗಿ ಬರುತ್ತವೆ. ಒಟ್ಟು ಇನ್ನೂರ ತೊಂಬತ್ತೆರಡು ಸಾಲು. ಎಲ್ಲಿಯೂ ಇಲ್ಲ. ಇಲ್ಲ ಅಂತ ಗೊತ್ತಾಯಿತು, ಯಾಕೆ ಇಲ್ಲ ಅಂತ ಗೊತ್ತಾಗಲಿಲ್ಲ. ಆಮೇಲೆ ಯಾರ ಹತ್ತಿರ ಕೇಳುವುದು? ಹತ್ತನೆಯ ತರಗತಿ ಆಯಿತು, ಮದುವೆ ಆಯಿತು. ಅವರು ದುಬೈಯಲ್ಲಿ ಇದ್ದಾಗ ಮನೆಯಲ್ಲಿ ಒಬ್ಬಳೇ ಇರುವಾಗ ಒಮ್ಮೊಮ್ಮೆ ನೆನಪಾಗುತ್ತಿತ್ತು. ಯಾಕೆ ಎರಡೇ?"

ಹದಿನಾಲ್ಕು ವರ್ಷದ ಹುಡುಗಿ, ಅವಮಾನವಾದ ಮೇಲೆ, ಇನ್ನೂರ ತೊಂಬತ್ತೆರಡು ಮೆಟ್ಟಿಲು ಒಬ್ಬಳೇ ಇಳಿದು, ಕೆಳಗೆ ಏನೂ ಇಲ್ಲವೆಂದು ಕಂಡು, ಆ ಇಲ್ಲದಿರುವಿಕೆಗೆ ಕಾರಣವಿರಬೇಕು ಎಂದು ತಿಳಿದಿದ್ದಾಳೆ. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ತಾನಂತೂ ಕಲಿಸಿರಲಿಲ್ಲ. ಗಣಿತ ಎಂದರೆ ಅದೇ ಎಂದು ತನಗೂ ಸರಿಯಾಗಿ ಗೊತ್ತಿರಲಿಲ್ಲ. ತಾನು ಉತ್ತರಗಳನ್ನು ಬೋರ್ಡಿನ ಮೇಲೆ ಬರೆದವಳು. ಬಾಗಿಲ ಹಿಂದೆ ನಿಂತಿದ್ದಾಗ ಹೊರಗೆ ಜಗಲಿಯಲ್ಲಿ ಇಂಥದ್ದೊಂದು ನಿಂತಿತ್ತು.

"ಒಂದು ಕಾಗದ ಉಂಟಾ?" ಎಂದಳು.

ಮೋಹಿನಿ ಹಾಳಾದ ತೂಕದ ಚೀಟಿಯೊಂದನ್ನು ಮಗುಚಿ ಕೊಟ್ಟಳು. ಪ್ರಭಾವತಿ ಬರೆದಳು. ಈ ಸಂಖ್ಯೆ ಇನ್ನೂರ ತೊಂಬತ್ತಮೂರು ಮತ್ತು ಮೂರು ಸಾವಿರದ ನಾನೂರ ಹದಿಮೂರರ ಗುಣಲಬ್ಧ. ಎರಡೂ ಅವಿಭಾಜ್ಯ. ಒಂದೊಂದಕ್ಕೂ ಒಂದೊಂದೇ ಜೋಡಿ. ಮೊದಲನೆಯದು ಹದಿನೇಳರ ವರ್ಗ, ಎರಡರ ವರ್ಗ. ಎರಡನೆಯದು ಐವತ್ತೆಂಟರ ವರ್ಗ, ಏಳರ ವರ್ಗ. "ಇವುಗಳನ್ನು ಜೋಡಿಸಲಿಕ್ಕೆ ನಮ್ಮ ದೇಶದ ಹಳೆಯ ಗಣಿತದಲ್ಲೇ ಒಂದು ಸೂತ್ರ ಉಂಟು, ಮೋಹಿನಿ. ದೊಡ್ಡದನ್ನು ದೊಡ್ಡದರಿಂದ ಗುಣಿಸು."

"ಹದಿನೇಳು ಐವತ್ತೆಂಟಲಿ ಒಂಬೈನೂರ ಎಂಬತ್ತಾರು."

"ಚಿಕ್ಕದನ್ನು ಚಿಕ್ಕದರಿಂದ."

"ಹದಿನಾಲ್ಕು." ಮೋಹಿನಿಯ ಬೆರಳು ಚೀಟಿಯ ಮೇಲೆ ನಿಂತಿತು. "ಕೂಡಿಸಿದರೆ ಸಾವಿರ."

"ಹೌದು."

"ಕಳೆದರೆ ಒಂಬೈನೂರ ಎಪ್ಪತ್ತೆರಡು." ದನಿ ಇಳಿದಿತ್ತು. ಇನ್ನು ಟೀಚರ್ ಹೇಳುವುದು ಬೇಕಾಗಲಿಲ್ಲ. ಅವಳೇ ಅಡ್ಡಡ್ಡ ಗುಣಿಸಿದಳು: ಹದಿನೇಳು ಏಳಲಿ ನೂರ ಹತ್ತೊಂಬತ್ತು, ಎರಡು ಐವತ್ತೆಂಟಲಿ ನೂರ ಹದಿನಾರು. "ಕಳೆದರೆ ಮೂರು. ಕೂಡಿಸಿದರೆ ಇನ್ನೂರ ಮೂವತ್ತೈದು."

ಕಿಟಕಿಯ ಹತ್ತಿರ ನಿಂತಿದ್ದ ಸಮೀಕ್ಷಾ ಯಾವಾಗಲೋ ತಿರುಗಿದ್ದಳು. ಮೂವರೂ ಆ ಚೀಟಿಯನ್ನು ನೋಡಿದರು. ಸಾವಿರ ಮತ್ತು ಮೂರು ಒಂದು ಕಡೆ, ಒಂಬೈನೂರ ಎಪ್ಪತ್ತೆರಡು ಮತ್ತು ಇನ್ನೂರ ಮೂವತ್ತೈದು ಇನ್ನೊಂದು ಕಡೆ, ನಡುವೆ ಹದಿನೇಳು, ಎರಡು, ಐವತ್ತೆಂಟು, ಏಳು ಎಂಬ ನಾಲ್ಕೇ ಸಂಖ್ಯೆ. ಪ್ರಭಾವತಿಗೂ ಸೂತ್ರ ಗೊತ್ತಿತ್ತೇ ಹೊರತು ಈ ನಾಲ್ಕನ್ನು ಹೀಗೆ ಒಟ್ಟಿಗೆ ಇಟ್ಟು ಅವಳು ಎಂದೂ ನೋಡಿರಲಿಲ್ಲ. ಮೊದಲ ಜೋಡಿಯನ್ನು ತಾನು ಬರೆದಿದ್ದೆ, ಎರಡನೆಯದನ್ನು ಒರೆಸಿದ್ದೆ. ಅವು ಒಂದೇ ಹೊಟ್ಟೆಯ ಎರಡು ಮಕ್ಕಳು.

"ಜೋಡಿಸುವ ದಾರಿ ಎರಡೇ," ಎಂದಳು ಮೋಹಿನಿ ಮೆಲ್ಲಗೆ. "ಒಂದು ಕೂಡಿಸುವುದು, ಒಂದು ಕಳೆಯುವುದು. ಹಾಗಾಗಿ ಮೂರನೆಯದು ಇಲ್ಲ." ಕುರ್ಚಿಗೆ ಒರಗಿದಳು. ಕಣ್ಣಿನ ಸುತ್ತ ಏನೋ ಸಡಿಲವಾಯಿತು. "ಆ ದಿನ ನೀವು ಹೊರಗೆ ಬಂದಿದ್ದರೆ ಅದೇ ದಿನ ಹೇಳುತ್ತಿದ್ದಿರಾ ಟೀಚರ್?"

ಸುಳ್ಳು ಹೇಳುವುದು ಸುಲಭವಿತ್ತು. "ಇಲ್ಲ," ಎಂದಳು ಪ್ರಭಾವತಿ. "ಆಗ ನನಗೆ ಗೊತ್ತಿರಲಿಲ್ಲ. ನಾವಿಬ್ಬರೂ ಕುಳಿತು ಹುಡುಕಬಹುದಿತ್ತು."

ಮೋಹಿನಿ ತಲೆಯಾಡಿಸಿದಳು. ಆಮೇಲೆ ಹುಬ್ಬು ಗಂಟಿಕ್ಕಿತು. "ಹಾಗಾದರೆ, ಇಂಥ ಮೂರು ಅವಿಭಾಜ್ಯಗಳನ್ನು ಗುಣಿಸಿದ ಸಂಖ್ಯೆಯಾದರೆ? ಮೊದಲ ಎರಡರಿಂದ ಎರಡು ಜೋಡಿ ಬಂತು. ಒಂದೊಂದನ್ನೂ ಮೂರನೆಯದರ ಜೊತೆ ಕೂಡಿಸಿ ಒಮ್ಮೆ, ಕಳೆದು ಒಮ್ಮೆ. ನಾಲ್ಕು ಜೋಡಿ ಇರಬೇಕಲ್ವಾ ಟೀಚರ್?"

ಮೂವತ್ತೊಂದು ವರ್ಷ ಪಾಠ ಮಾಡಿದ ಪ್ರಭಾವತಿ ಯಾವ ತರಗತಿಯಲ್ಲೂ ಆಡದ ಮಾತೊಂದು ಬಾಯಿಗೆ ಬಂತು. ಅದನ್ನು ಆಡಲು ಇಷ್ಟು ಹಗುರವಿರುತ್ತದೆ ಎಂದು ಅವಳು ತಿಳಿದಿರಲಿಲ್ಲ. "ಗೊತ್ತಿಲ್ಲ, ಮೋಹಿನಿ," ಎಂದಳು. "ನೋಡೋಣವಾ?"

"ಚಿಕ್ಕದು ತೆಗೆದುಕೊಳ್ಳುವ. ಐದು, ಹದಿಮೂರು, ಹದಿನೇಳು."

"ಸಾವಿರದ ನೂರ ಐದು," ಎಂದಳು ಸಮೀಕ್ಷಾ. ಫೋನ್ ತೆಗೆಯಲು ಹೋದವಳು ತೆಗೆಯಲಿಲ್ಲ. ಅತ್ತೆಯ ಕಡೆ ಇನ್ನೂ ನೋಡುತ್ತಿರಲಿಲ್ಲ. ಆದರೆ ಮೇಜಿನ ಹತ್ತಿರ ಬಂದು ಬಾಗಿದಳು.

ಮೋಹಿನಿ ಹೊಸ ಚೀಟಿಯೊಂದನ್ನು ಮಗುಚಿ ನಡುವೆ ಗೆರೆ ಎಳೆದು ಒಂದು ಬದಿಯನ್ನು ಪ್ರಭಾವತಿಯ ಕಡೆ ಸರಿಸಿದಳು. "ನೀವು ಕೂಡಿಸಿ ಟೀಚರ್. ನಾನು ಕಳೆಯುತ್ತೇನೆ."

ಐದು ಮತ್ತು ಹದಿಮೂರರಿಂದ ಎರಡು ಜೋಡಿ ಬಂತು: ಎಂಟು ಮತ್ತು ಒಂದು, ಏಳು ಮತ್ತು ನಾಲ್ಕು. ಅಲ್ಲಿಂದ ಹದಿನೇಳಕ್ಕೆ ಹೋದರು. ಮೂವತ್ತಮೂರು, ನಾಲ್ಕು. ಮೂವತ್ತೊಂದು, ಹನ್ನೆರಡು. ಮೂವತ್ತೆರಡು, ಒಂಬತ್ತು. ಹಲಗೆಯ ಮೇಲೆ ಲಾರಿ ಬಂದು ನಿಂತಿತ್ತು, ಡ್ರೈವರ್ ಎರಡು ಸಲ ಹಾರ್ನ್ ಹಾಕಿದ. ಮೋಹಿನಿ ತಲೆಯೆತ್ತದೆ, ಒಂದು ನಿಮಿಷ ಎಂದು ಎಡಗೈ ಎತ್ತಿ ತೋರಿಸಿ, ಬಲಗೈಯಲ್ಲಿ ನಾಲ್ಕನೆಯದನ್ನು ಬರೆದಳು: ಇಪ್ಪತ್ತನಾಲ್ಕು, ಇಪ್ಪತ್ತಮೂರು.